ದೋಣಿಯ ಹಳೆಯ ಮೋಟಾರು: ಗಿಯರು ಏಕೆ ಬಿಗಿಯಾಗುತ್ತದೆ?

ದೋಣಿಗೆ ಬ್ರೇಕು ಇಲ್ಲ. ರಸ್ತೆಯ ಮೇಲೆ ಓಡುವ ವಾಹನವನ್ನು ನಿಲ್ಲಿಸಲು ಚಕ್ರಕ್ಕೂ ನೆಲಕ್ಕೂ ನಡುವಣ ಘರ್ಷಣೆ ನೆರವಾಗುತ್ತದೆ. ನೀರಿನ ಮೇಲೆ ಅಂಥ ಆಸರೆ ದೊರೆಯದು. ಮೋಟಾರು ಹೂಡಿದ ದೋಣಿಯನ್ನು ಬೇಗನೆ ತಡೆಯಬೇಕಾದರೆ ಪ್ರೊಪೆಲ್ಲರನ್ನು ಹಿಮ್ಮುಖವಾಗಿ ತಿರುಗಿಸಬೇಕು. ದಡದ ಕಟ್ಟೆ ಹತ್ತಿರವಾದ ಗಳಿಗೆಯಲ್ಲಿ ಗಿಯರಿನ ಲಿವರು ಅಲುಗದೆ ನಿಂತರೆ ದೋಣಿಯ ಮೂತಿ ಒಡೆಯುವುದು ಸಣ್ಣ ನಷ್ಟ. ಅಲ್ಲಿ ಯಾರಾದರೂ ಈಜುತ್ತಿದ್ದರೆ ಅವರ ಪ್ರಾಣಕ್ಕೇ ಅಪಾಯ.

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಮೋಟಾರಿಗೆ ‘ಔಟ್‌ಬೋರ್ಡ್’ ಎಂದು ಹೆಸರು. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಇಂಥ ಯಂತ್ರಗಳನ್ನು ವಾಚಕರು ಕಂಡಿರಬಹುದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡ್ ಮಿಲ್ವಾಕಿ ನಗರದಲ್ಲಿ 1909ರಲ್ಲಿ ಮಾರಾಟಕ್ಕೆ ತಂದ ಮೋಟಾರಿನ ಶಕ್ತಿ ಸುಮಾರು ಒಂದೂವರೆ ಅಶ್ವಶಕ್ತಿ. ಅದಕ್ಕೆ ಗಿಯರು ಬದಲಿಸುವ ಏರ್ಪಾಡೇ ಇರಲಿಲ್ಲ. ಎಂಜಿನ್ನು ಚಾಲೂ ಆದೊಡನೆ ದೋಣಿ ಹೊರಟೇಬಿಡುತ್ತಿತ್ತು. ಮುಂದಿನ ದಶಕಗಳ ಅನೇಕ ಮೋಟಾರುಗಳಲ್ಲಿಯೂ ಹಿಂದಕ್ಕೆ ಸರಿಯಬೇಕಾದರೆ ಇಡೀ ಮೋಟಾರನ್ನೇ ಹಿಂದುಮುಂದಾಗಿ ತಿರುಗಿಸಬೇಕಾಗಿತ್ತು. ಮುಂದೆ, ತಟಸ್ಥ, ಹಿಂದೆ ಎಂಬ ಮೂರು ಸ್ಥಾನಗಳ ಗಿಯರು 1949ರಲ್ಲಿ ಜಾನ್ಸನ್ ಸಂಸ್ಥೆ ಹೊರತಂದ 10 ಅಶ್ವಶಕ್ತಿಯ ಕ್ಯೂಡಿ ಮಾದರಿಯಲ್ಲಿತ್ತು. ಈಗಲೂ ಹವ್ಯಾಸಿಗಳು ಜೋಪಾನ ಮಾಡಿ ಓಡಿಸುವ ಈ ಮನೆತನದ ಮೋಟಾರುಗಳನ್ನೇ ನಾವಿಲ್ಲಿ ಗಮನದಲ್ಲಿಟ್ಟುಕೊಂಡಿದ್ದೇವೆ.

ತಲೆಯಲ್ಲಿರುವ ಎಂಜಿನ್ನಿನಿಂದ ಒಂದು ದಂಡ ನೇರವಾಗಿ ನೀರಿನೊಳಕ್ಕೆ ಇಳಿಯುತ್ತದೆ. ಅದರ ತುದಿಯ ಪುಟ್ಟ ಹಲ್ಲುಗಾಲಿಯು ತನ್ನ ಮುಂದೊಂದು, ಹಿಂದೊಂದು, ಹೀಗೆ ಎರಡು ಓರೆಹಲ್ಲಿನ ಗಾಲಿಗಳನ್ನು ಸದಾ ಕಚ್ಚಿಕೊಂಡಿರುತ್ತದೆ. ಎಂಜಿನ್ನು ನಡೆಯುವಷ್ಟು ಕಾಲವೂ ಇವೆರಡು ಪರಸ್ಪರ ವಿರುದ್ಧ ದಿಕ್ಕುಗಳಲ್ಲಿ ತಿರುಗುತ್ತವೆ. ಪ್ರೊಪೆಲ್ಲರಿನ ದಂಡಕ್ಕೆ ಮಾತ್ರ ಅವುಗಳ ಹಂಗಿಲ್ಲ. ಅವುಗಳ ನಡುವೆ, ಆ ದಂಡದ ಮೇಲೆ ಹಿಂದೆಮುಂದೆ ಜಾರಬಲ್ಲ, ಆದರೆ ದಂಡವನ್ನು ಬಿಟ್ಟು ತಾನೊಂದೇ ತಿರುಗಲಾರದ ಉಕ್ಕಿನ ಬಳೆಯೊಂದಿದೆ. ಇದಕ್ಕೆ ‘ಡಾಗ್ ಕ್ಲಚ್’ ಎನ್ನುತ್ತಾರೆ. ಕಚ್ಚಿದರೆ ಬಿಡದ ನಾಯಿಯನ್ನು ನೆನಪಿಗೆ ತರುವ ಹೆಸರು. ಬಳೆಯ ಎರಡು ಮೋರೆಗಳಲ್ಲೂ ದಪ್ಪ ಹಲ್ಲುಗಳಿವೆ. ಲಿವರನ್ನು ಎಳೆದಾಗ ಬಳೆ ಒಂದು ಕಡೆಗೆ ಜಾರಿ, ಅದರ ಹಲ್ಲುಗಳು ಆ ಕಡೆಯ ಗಾಲಿಯ ಹಲ್ಲುಗಳ ಸಂದಿಗೆ ಬೀಳುತ್ತವೆ. ಮೋಟಾರು ಕಾರಿನಲ್ಲಿರುವಂತೆ ಎರಡು ವೇಗಗಳನ್ನು ಮೊದಲೇ ಸರಿದೂಗಿಸುವ ಸಾಧನ ಇಲ್ಲಿಲ್ಲ.

ಇಷ್ಟನ್ನು ತಿಳಿದ ಮೇಲೆ, ರೋಗವಲ್ಲದ ರೋಗವೊಂದನ್ನು ಮೊದಲು ಬದಿಗಿಡಬಹುದು. ಎಂಜಿನ್ನು ನಿಂತಿರುವಾಗ ಗಿಯರು ಬೀಳುತ್ತಿಲ್ಲವೆಂದು ಲಿವರಿನ ಮೇಲೆ ಬಲ ಪ್ರಯೋಗಿಸುವವರು ಬಹಳ. ಆಗ ಹಲ್ಲಿಗೆ ಹಲ್ಲೇ ಎದುರಾಗಿ ನಿಂತಿರಬಹುದು. ಸಂದಿ ಸಿಗುವವರೆಗೆ ಯಾವ ಬಲವೂ ನಿಷ್ಫಲ. ಪ್ರೊಪೆಲ್ಲರನ್ನು ಕೈಯಿಂದ ತುಸು ತಿರುಗಿಸುತ್ತ ಲಿವರನ್ನು ಎಳೆದರೆ ಅದು ಸಲೀಸಾಗಿ ಬೀಳುತ್ತದೆ. ಆದರೆ ಕೈ ಹಾಕುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ಕಳಚಲೇಬೇಕು. ಗಿಯರು ಕಚ್ಚಿದ ಪ್ರೊಪೆಲ್ಲರನ್ನು ತಿರುಗಿಸುವುದೆಂದರೆ ಎಂಜಿನ್ನನ್ನೇ ತಿರುಗಿಸಿದಂತೆ. ಅದು ಕಿಡಿ ಹಾರಿಸಿದರೆ ಬೆರಳುಗಳು ಉಳಿಯವು.

ಹೀಗೆ ಮಾಡಿಯೂ ಲಿವರು ಬಿಗಿಯಾಗಿದ್ದರೆ ದೋಷದ ನೆಲೆಯನ್ನು ಮೇಲಿನಿಂದ ಕೆಳಕ್ಕೆ ಹುಡುಕಬೇಕು. ದೂರದಿಂದ ನಡೆಸುವ ಕೇಬಲ್ಲಿದ್ದರೆ ಅದನ್ನು ಮೋಟಾರಿನ ಬಳಿ ಕಳಚಿ, ಮೋಟಾರಿನ ಲಿವರನ್ನು ಕೈಯಿಂದ ಆಡಿಸಿ ನೋಡುವುದು. ಸಲೀಸಾಗಿ ಆಡಿದರೆ ತಪ್ಪು ಕೇಬಲ್ಲಿನದು: ಒಳಗೆ ತುಕ್ಕು, ಒಣಗಿ ಗಟ್ಟಿಯಾದ ಗ್ರೀಸು, ಇಲ್ಲವೆ ತೀರ ಕಡಿದಾದ ಬಳುಕು. ಅಂಥ ಕೇಬಲ್ಲಿಗೆ ಎಣ್ಣೆ ಹಾಕಿ ಕೆಲವು ದಿನ ದೂಡಬಹುದಾದರೂ ಹೊಸದನ್ನು ಹಾಕುವುದೇ ಲೇಸೆಂದು ನಮ್ಮ ಮತ. ಅನಂತರ ಮೋಟಾರಿನ ಮೇಲ್ಭಾಗದ ಕೀಲುಗಳು. ಉಪ್ಪುನೀರು ಕಂಡ ಯಂತ್ರದಲ್ಲಿ ಲೋಹದ ಸವೆಕಳೆಯ ಪುಡಿಯೂ ಹಳೆಯ ಗ್ರೀಸೂ ಸೇರಿ ಇಲ್ಲಿ ಗಾರೆಯಂತೆ ಕಟ್ಟಿಕೊಂಡಿರುತ್ತವೆ. ವೇಗದ ಹಿಡಿ ಏರಿರುವಾಗ ಗಿಯರು ಬದಲಾಗದಂತೆ ತಡೆಯುವ ಅಗುಳಿಯೊಂದು ಹಲವು ಮಾದರಿಗಳಲ್ಲಿದೆ. ಅದರ ಹೊಂದಾಣಿಕೆ ತಪ್ಪಿದರೂ ಲಿವರು ಹಟ ಹಿಡಿಯುತ್ತದೆ.

ಇನ್ನು ಕೆಳಗೆ. ಲಿವರಿನ ಚಲನೆಯನ್ನು ಗಿಯರುಪೆಟ್ಟಿಗೆಗೆ ಒಯ್ಯುವ ಸಣ್ಣ ಕಂಬಿಯ ಜೋಡಣೆಯನ್ನು ಅನೇಕ ಮಾದರಿಗಳಲ್ಲಿ ಕಾಲಿನ ಬದಿಯ ಕಿಟಕಿಯ ಮೂಲಕ ಬಿಡಿಸಬಹುದು. ಬಿಡಿಸಿದ ಮೇಲೆ ಮೇಲಿನ ಭಾಗ ಸಡಿಲವಾಗಿ ಆಡಿದರೆ ದೋಷ ಪೆಟ್ಟಿಗೆಯದೇ. ಅದರ ಎಣ್ಣೆಯನ್ನು ಬಸಿದು ನೋಡಿದರೆ ಅರ್ಧ ಕಥೆ ತಿಳಿಯುತ್ತದೆ: ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಕಂಬಿ ಒಳಹೊಗುವ ರಂಧ್ರದ ರಬ್ಬರು ಉಂಗುರ ಹಳತಾದರೆ ಹೀಗಾಗುವುದುಂಟು. ಆಗ ಕಂಬಿಯೇ ತುಕ್ಕು ಹಿಡಿದು ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಬಸಿಯುವಾಗ ಒಂದು ಎಚ್ಚರ. ಈ ಮನೆತನದ ಹಲವು ಮೋಟಾರುಗಳಲ್ಲಿ ಬಸಿಯುವ ದಪ್ಪ ತಿರುಪಿನ ಸಮೀಪದಲ್ಲೇ ಕೂಡುಗೆರೆಯ ತಲೆಯ ಇನ್ನೊಂದು ತಿರುಪಿದೆ. ಬಳೆಯನ್ನು ಜರುಗಿಸುವ ಕವೆಗೋಲು ನಿಂತಿರುವುದು ಅದರ ಆಧಾರದಲ್ಲಿ. ಅದನ್ನು ಕಳಚಿದರೆ ಕವೆಗೋಲು ಒಳಗೇ ಜಾರಿ, ಎಣ್ಣೆ ಬದಲಿಸಹೊರಟವರು ಪೆಟ್ಟಿಗೆಯನ್ನೇ ಬಿಚ್ಚಬೇಕಾಗುತ್ತದೆ. ತಯಾರಕರಾದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದಲ್ಲಿ ದಿವಾಳಿಯೆದ್ದುದರಿಂದ, ಆಯಾ ಮಾದರಿಯ ಹಳೆಯ ಕೈಪಿಡಿಯನ್ನು ಹುಡುಕಿ ಇಟ್ಟುಕೊಂಡೇ ಕೆಲಸಕ್ಕೆ ಕೈಹಚ್ಚುವುದು ಮೇಲು.

ನಡೆಸುವ ರೀತಿಯೂ ಯಂತ್ರವನ್ನು ಕೆಡಿಸುತ್ತದೆ. ಗಿಯರನ್ನು ಮೆಲ್ಲಮೆಲ್ಲನೆ ತಳ್ಳುವುದೇ ಮೃದುವಾದ ಮಾರ್ಗವೆಂದು ತೋರುವುದು ಸಹಜ, ನಿಜಸ್ಥಿತಿ ತದ್ವಿರುದ್ಧ. ಮೆಲ್ಲನೆ ತಳ್ಳಿದಷ್ಟು ಹೊತ್ತೂ ಬಳೆಯ ಹಲ್ಲುಗಳು ತಿರುಗುವ ಗಾಲಿಯ ಹಲ್ಲುಗಳ ತುದಿಗೆ ಕಟಕಟನೆ ಬಡಿದು ಮೂಲೆಗಳು ಸವೆದು ಗುಂಡಗಾಗುತ್ತವೆ. ಮುಂದೆ ಅದೇ ಗಿಯರು ಭಾರ ಬಿದ್ದೊಡನೆ ಹೊರಕ್ಕೆ ಜಿಗಿಯುತ್ತದೆ. ಎಂಜಿನ್ನನ್ನು ಅತಿ ಮಂದವೇಗಕ್ಕೆ ಇಳಿಸಿ ಲಿವರನ್ನು ಒಂದೇ ಸಲಕ್ಕೆ ಚಟ್ಟನೆ ಎಳೆಯಬೇಕು. ಗಿಯರು ಬಿಡಿಸುವಾಗಲೂ ವೇಗವನ್ನು ಮೊದಲೇ ಇಳಿಸಬೇಕು. ಎಂಜಿನ್ನು ಜಗ್ಗುತ್ತಿರುವಷ್ಟೂ ಹೊತ್ತು ಹಲ್ಲುಗಳು ಒಂದನ್ನೊಂದು ಅದುಮಿರುತ್ತವೆ, ಆ ಒತ್ತಡದ ಘರ್ಷಣೆಯೇ ಕೈಗೆ ಬಿಗಿಯೆಂದು ತೋರುತ್ತದೆ.

ರಿಪೇರಿಯಾದ ಮೇಲೆ ಪರೀಕ್ಷೆಯನ್ನು ನೀರಿನಲ್ಲಿಯೇ ನಡೆಸಬೇಕು. ಒಣಗಿ ಓಡಿದರೆ ಎಂಜಿನ್ನಿಗೆ ತಂಪುನೀರು ಎತ್ತುವ ಪಂಪಿನ ರಬ್ಬರು ಚಕ್ರ ಸುಟ್ಟುಹೋಗುತ್ತದೆ. ದೋಣಿಯನ್ನು ಎರಡು ಕಡೆಯೂ ಹಗ್ಗದಿಂದ ಕಟ್ಟಿ, ಹತ್ತಿರ ಯಾರೂ ನೀರಿಗಿಳಿಯದಂತೆ ನೋಡಿಕೊಂಡು, ಮೂರು ಸ್ಥಾನಗಳನ್ನೂ ಹಲವು ಬಾರಿ ಬದಲಿಸಿ ನೋಡಿದ ಬಳಿಕವೇ ಹಗ್ಗ ಬಿಚ್ಚುವುದು.