ಹಲ್ಲಿನ ಸಂದಿಯ ಗುಟ್ಟು

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹತ್ತು ಜನ ವಿಚಾರಿಸುತ್ತಾರೆ. ತಲೆ ನರೆತರೆ ಕಂಡವರೆಲ್ಲ ಹೇಳುತ್ತಾರೆ. ಆದರೆ ಬಾಯಿ ನಾರುತ್ತದೆಂದು ಮುಖಕ್ಕೆ ನೇರವಾಗಿ ಹೇಳುವ ಆಪ್ತರು ಎಷ್ಟು ಮಂದಿ? ಹೇಳುವವರಿಗೆ ಸಂಕೋಚ, ಕೇಳುವವರಿಗೆ ಅವಮಾನ. ಸದಾ ಇರುವ ವಾಸನೆಗೆ ಮೂಗು ಒಗ್ಗಿಹೋಗುವುದರಿಂದ, ಊರಿಗೆಲ್ಲ ತಿಳಿದ ಈ ಗುಟ್ಟು ಬಾಯಿಯ ಒಡೆಯನಿಗೆ ಮಾತ್ರ ತಿಳಿದಿರುವುದಿಲ್ಲ. ನಮ್ಮ ಪಾಡೂ ಹೀಗೆಯೇ ಆಗಿತ್ತು.

ದಿಲ್ಲಿಯ ಸರ್ಕಾರಿ ವಸತಿಗೃಹಗಳಲ್ಲಿರುವ ಕನ್ನಡಿಗರ ಕಷ್ಟ ಓದುಗರಿಗೆ ಗೊತ್ತು. ಮಕ್ಕಳು ಶಾಲೆಯಲ್ಲಿಯೂ ಆಟದಲ್ಲಿಯೂ ಆಡುವುದು ಹಿಂದಿ. ಅವರ ಕಿವಿಗೆ ಕನ್ನಡ ಬೀಳುವುದು ಮನೆಯೊಳಗೆ ಮಾತ್ರ. ಆದ್ದರಿಂದ ನಮ್ಮ ಆರು ವರ್ಷದ ಮಗಳಿಗೆ ಮಲಗುವ ಮುನ್ನ ಒಂದು ಕನ್ನಡ ಕಥೆ ಹೇಳುವುದು ನಮ್ಮ ನೇಮ. ಕಳೆದ ಚಳಿಗಾಲದಲ್ಲಿ ಒಂದೇ ರಜಾಯಿಯೊಳಗೆ ಮಲಗಿ ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದರೆ ಮಗು ಗೋಡೆಯ ಕಡೆಗೆ ಹೊರಳುವುದು. "ಇವತ್ತು ಕಥೆ ಬೇಡಪ್ಪ" ಎನ್ನುವುದು. ಹೀಗೆ ಹತ್ತು ದಿನ ನಡೆಯಿತು. ಮಗುವಿಗೆ ಕನ್ನಡವೇ ಬೇಡವಾಯಿತು, ಈ ಊರು ನಮ್ಮ ಮಾತನ್ನು ನುಂಗಿತು ಎಂದು ನಾವು ಮನೆಯವರೊಡನೆ ಹಲುಬಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕನ್ನಡದ್ದೇನೂ ತಪ್ಪಿಲ್ಲ ರೀ. ನಿಮ್ಮ ಬಾಯಿ ವಾಸನೆ. ಹೇಗೆ ಹೇಳೋದು ಅಂತ ನಾನೂ ಸುಮ್ಮನಿದ್ದೆ" ಎಂದರು.

ಅಂದು ನಮಗೆ ನಿದ್ದೆ ಬರಲಿಲ್ಲ. ಕಚೇರಿಯಲ್ಲಿ ಪಕ್ಕದ ಮೇಜಿನವರು ಕಡತ ತೋರಿಸುವಾಗ ಮಾರು ದೂರ ನಿಲ್ಲುತ್ತಿದ್ದುದರ ಅರ್ಥವೂ ಆಗ ಹೊಳೆಯಿತು.

ನಾವೇನೂ ಹಲ್ಲುಜ್ಜದವರಲ್ಲ. ಎರಡು ಹೊತ್ತೂ ಬ್ರಷ್ಷು. ಊಟದ ಮೇಲೆ ಬಾಯಿ ಮುಕ್ಕಳಿಸುವುದು ಹಿರಿಯರಿಂದ ಬಂದ ಪದ್ಧತಿ. ಮೂಲಂಗಿ ಪರಾಟೆಯ ಮೇಲೆ ಅಪವಾದ ಹೊರಿಸಿ ಅದನ್ನು ಬಿಟ್ಟೆವು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟೆವು. ಸೋಂಪು, ಏಲಕ್ಕಿ ಅಗಿದೆವು. ವಾಸನೆ ಗಳಿಗೆಯ ಮಟ್ಟಿಗೆ ಮರೆಯಾಗಿ ಮತ್ತೆ ಬಂದಿತು. ಕೊನೆಗೆ ದಂತವೈದ್ಯರ ಬಳಿಗೆ ಹೋದೆವು. ಅವರು ಒಂದು ಎಳೆ ದಾರವನ್ನು ನಮ್ಮ ದವಡೆ ಹಲ್ಲುಗಳ ನಡುವೆ ಆಡಿಸಿ, "ಮೂಸಿ ನೋಡಿ" ಎಂದರು. ಮೂಸಿದೆವು. ಮಗಳು ಗೋಡೆಯ ಕಡೆಗೆ ಹೊರಳಿದ್ದು ನ್ಯಾಯವೇ ಎನ್ನಿಸಿತು.

ಸಂಗತಿ ಇಷ್ಟು. ಹಲ್ಲಿಗೆ ಹೊರಮೈ, ಒಳಮೈ, ಅಗಿಯುವ ಮೈಗಳಲ್ಲದೆ ನೆರೆಹಲ್ಲಿನ ಕಡೆಗೆ ಎರಡು ಮಗ್ಗುಲುಗಳಿವೆ. ಬ್ರಷ್ಷಿನ ಕೂದಲು ಆ ಮಗ್ಗುಲುಗಳಿಗೆ ಸರಿಯಾಗಿ ತಲಪದು. ಅಲ್ಲಿ ಊಟದ ಚೂರುಗಳು ಸಿಕ್ಕಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಜೀವಾಣುಗಳು ಅಂಟಾದ ಪಾಚಿಯಂತೆ ಮನೆ ಮಾಡುತ್ತವೆ. ಗಾಳಿ ಸುಳಿಯದ ಆ ಮೂಲೆಯಲ್ಲಿ ಅವು ಪ್ರೋಟೀನನ್ನು ಒಡೆದು ಗಂಧಕ ಬೆರೆತ ಅನಿಲಗಳನ್ನು ಹೊರಡಿಸುತ್ತವೆ. ಅವುಗಳಲ್ಲೊಂದಾದ ಹೈಡ್ರೋಜನ್ ಸಲ್ಫೈಡು ಕೊಳೆತ ಮೊಟ್ಟೆಯ ನಾತದ ಅನಿಲವೇ. ನಿದ್ದೆಯಲ್ಲಿ ಉಗುಳು ಕಡಿಮೆಯಾಗುವುದರಿಂದ ಬೆಳಗಿನ ಬಾಯಿ ಹೆಚ್ಚು ನಾರುತ್ತದೆ. ಪಾಚಿ ಅಲ್ಲಿಯೇ ಉಳಿದರೆ ಒಸಡು ಊದಿ, ರಕ್ತ ಒಸರಿ, ನಾತ ಇನ್ನೂ ಬಲಿಯುತ್ತದೆ.

ಆ ಸಂದಿಯ ಕಸ ಗುಡಿಸುವ ಪೊರಕೆಯೇ ಈ ದಾರ. ಔಷಧದ ಅಂಗಡಿಯಲ್ಲಿ 'ಡೆಂಟಲ್ ಫ್ಲಾಸ್' ಎಂದು ಕೇಳಬೇಕು. ಇದು ನಿನ್ನೆ ಮೊನ್ನೆಯ ಷೋಕಿಯಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಲೀವೈ ಸ್ಪಿಯರ್ ಪಾರ್ಮ್ಲಿ ಎಂಬವರು 1819ರಲ್ಲಿಯೇ, ಮೇಣ ಸವರಿದ ರೇಷ್ಮೆ ದಾರದಿಂದ ಹಲ್ಲಿನ ಸಂದಿಯನ್ನು ಶುಚಿ ಮಾಡಿಕೊಳ್ಳಲು ತಮ್ಮ ಪುಸ್ತಕದಲ್ಲಿ ಸಲಹೆ ಮಾಡಿದ್ದರು.

ಬಳಸುವ ಕ್ರಮ ಸುಲಭ. ಒಂದು ಮೊಳ ದಾರ ತೆಗೆದು ಎರಡು ಕೈಗಳ ನಡುಬೆರಳುಗಳಿಗೆ ಸುತ್ತಿಕೊಳ್ಳಬೇಕು. ನಡುವೆ ಒಂದೆರಡು ಅಂಗುಲ ಬಿಟ್ಟು, ಹೆಬ್ಬೆರಳು ತೋರುಬೆರಳುಗಳಿಂದ ಬಿಗಿಯಾಗಿ ಹಿಡಿದು, ಮೆಲ್ಲಗೆ ಆಡಿಸುತ್ತ ಸಂದಿಗೆ ಇಳಿಸಬೇಕು. ರಭಸ ಮಾಡಿದರೆ ಒಸಡು ಕೊಯ್ದೀತು. ಇಳಿದ ದಾರವನ್ನು ಹಲ್ಲಿನ ಮಗ್ಗುಲಿಗೆ ಬಿಲ್ಲಿನಂತೆ ಬಾಗಿಸಿ, ಒಸಡಿನ ಅಂಚಿನಿಂದ ಮೇಲೆ ಕೆಳಗೆ ಉಜ್ಜಬೇಕು. ಆಮೇಲೆ ಪಕ್ಕದ ಹಲ್ಲಿಗೆ. ಪ್ರತಿ ಸಂದಿಗೂ ದಾರದ ಹೊಸ ಭಾಗ. ದಿನಕ್ಕೊಂದು ಸಲ ಸಾಕು. ಮಲಗುವ ಮುನ್ನ ಆದರೆ ಒಳ್ಳೆಯದು. ಮೊದಲ ಕೆಲವು ದಿನ ರಕ್ತ ಕಂಡರೆ ಹೆದರಿ ಬಿಡಬಾರದು. ಎರಡು ವಾರ ಕಳೆದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಕಚೇರಿಯ ಗುಂಡುಸೂಜಿಯನ್ನು ಮಾತ್ರ ಈ ಕೆಲಸಕ್ಕೆ ಬಳಸದಿರಿ. ಅದು ಸರ್ಕಾರದ ಸ್ವತ್ತೆಂದಲ್ಲ. ಒಸಡು ನಮ್ಮ ಸ್ವತ್ತೆಂದು.

ದಾರವೊಂದರಿಂದಲೇ ಎಲ್ಲವೂ ನೀಗೀತೆಂದು ತಿಳಿಯಬಾರದು. ನಾಲಿಗೆಯ ಹಿಂಭಾಗದ ಬಿಳಿಯ ಲೇಪವೂ ನಾತದ ದೊಡ್ಡ ನೆಲೆ. ಅದಕ್ಕೆ ನಮ್ಮಲ್ಲಿ ಹಳೆಯ ಉಪಾಯವೇ ಇದೆ: ಚಿನ್ನ, ಬೆಳ್ಳಿ, ತಾಮ್ರ ಮೊದಲಾದವುಗಳಿಂದ ಮಾಡಿದ ನಾಲಿಗೆ ಹೆರೆಯುವ ಸಾಧನವನ್ನು ಚರಕಸಂಹಿತೆ ಹೇಳುತ್ತದೆ. ಅಜ್ಜಿ ಕೊಟ್ಟ ತಾಮ್ರದ ಪಟ್ಟಿ ಟ್ರಂಕಿನಲ್ಲಿದ್ದರೆ ಹೊರತೆಗೆಯಿರಿ. ಹುಳುಕು ಹಲ್ಲು, ಒಣಗಿದ ಬಾಯಿ, ಮೂಗು ಗಂಟಲಿನ ರೋಗಗಳಿಂದಲೂ ವಾಸನೆ ಬರುವುದುಂಟು. ಕಲ್ಲಿನಂತೆ ಗಟ್ಟಿಯಾದ ಪಾಚಿ ದಾರಕ್ಕೆ ಬಗ್ಗದು. ವೈದ್ಯರೇ ಹೆರೆದು ತೆಗೆಯಬೇಕು. ನಮಗೂ ಹಾಗೆಯೇ ತೆಗೆದರು. ಆ ಬಳಿಕ ದಾರವನ್ನೂ ನಾಲಿಗೆಯ ಪಟ್ಟಿಯನ್ನೂ ಒಂದು ದಿನವೂ ತಪ್ಪಿಸಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಮಗಳು ತಾನಾಗಿಯೇ ಈ ಕಡೆಗೆ ಹೊರಳಿ, "ಅಪ್ಪಾ, ಗುಬ್ಬಕ್ಕನ ಮನೆ ಏನಾಯ್ತು?" ಎಂದಳು. ಕಥೆಯನ್ನು ಮೊದಲಿನಿಂದ ಹೇಳಿದೆವು.

ಓದುಗ ಬಂಧುಗಳಲ್ಲಿ ಒಂದೇ ವಿನಂತಿ. ನಿಮ್ಮವರಲ್ಲಿ ಯಾರಿಗಾದರೂ ಈ ತೊಂದರೆಯಿದ್ದರೆ ಏಕಾಂತದಲ್ಲಿ, ಮೃದುವಾಗಿ ಹೇಳಿಬಿಡಿ. ನಿಮಗೆ ಯಾರಾದರೂ ಹೇಳಿದರೆ ಮುನಿಯಬೇಡಿ. ಅವರು ನಿಮ್ಮ ಹತ್ತಿರ ಕೂಡಲು ಬಯಸುವವರೇ ಇರಬೇಕು.