ಕಾಫಿ ಇದೆಯೇ ಎಂದು ಹೇಳುತ್ತಿದ್ದ ಕ್ಯಾಮೆರಾ

ಜರ್ಮನಿಯ ಪಾಡರ್‌ಬೋರ್ನ್ ಎಂಬ ಊರಿನ ಹೈನ್ಸ್ ನಿಕ್ಸ್‌ಡಾರ್ಫ್ ಮ್ಯೂಸಿಯಂಗೆ ಜನ ಹೋಗುವುದು ಕಂಪ್ಯೂಟರಿನ ಚರಿತ್ರೆ ನೋಡಲು. ನಾನು ಹೋದದ್ದು ಒಂದು ಕಾಫಿ ಯಂತ್ರವನ್ನು ಹುಡುಕಿಕೊಂಡು. ಕ್ರುಪ್ಸ್ ಕಂಪನಿಯ ತೀರಾ ಸಾಧಾರಣ ಫಿಲ್ಟರ್ ಯಂತ್ರ, ಕೆಳಗೆ ಡಿಕಾಕ್ಷನ್ ಇಳಿಯುವ ಗಾಜಿನ ಪಾತ್ರೆ. ಯುರೋಪಿನ ಯಾವ ಅಡುಗೆಮನೆಯಲ್ಲಿದ್ದರೂ ಯಾರೂ ಎರಡನೇ ಸಲ ತಿರುಗಿ ನೋಡುವಂಥದ್ದಲ್ಲ. ಅದರ ಮುಂದೆ ನಿಂತಾಗ ಆದ ಸಂತೋಷ ನನಗೆ ಇನ್ನೂ ಇಳಿದಿಲ್ಲ.

ಜಗತ್ತಿನ ಮೊದಲ ವೆಬ್‌ಕ್ಯಾಮ್ ಕಣ್ಣಿಟ್ಟದ್ದು ಕೇಂಬ್ರಿಜ್ ವಿಶ್ವವಿದ್ಯಾಲಯದ ಕಾಫಿ ಪಾತ್ರೆಯ ಮೇಲೆ ಎಂಬ ಕತೆ ಬಹಳ ಮಂದಿಗೆ ಗೊತ್ತು. ಪತ್ರಿಕೆಗಳು ಅದನ್ನು ತಂತ್ರಜ್ಞಾನದ ಕೌತುಕವೆಂದೇ ಬರೆದಿವೆ. ಒಂದು ವಿಶ್ವವಿದ್ಯಾಲಯದ ಒಳಗಿನವರು ತಮ್ಮ ತಮ್ಮಲ್ಲೇ ಸುದ್ದಿ ಹಂಚಿಕೊಳ್ಳಲು ಕಟ್ಟಿಕೊಂಡ ಅತ್ಯುತ್ತಮ ಏರ್ಪಾಡು ಅದು ಎಂಬುದು ನನ್ನ ಎಣಿಕೆ.

1991ರ ಮಾತು. ಅಲ್ಲಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಟ್ರೋಜನ್ ರೂಮ್ ಎಂಬ ಕೋಣೆಯ ಹೊರಗೆ ಒಂದೇ ಒಂದು ಕಾಫಿ ಯಂತ್ರವಿತ್ತು. ಅದನ್ನು ನೆಚ್ಚಿಕೊಂಡವರಲ್ಲಿ ಕೆಲವರು ಪಕ್ಕದಲ್ಲೇ ಕೂರುತ್ತಿದ್ದರು, ಕೆಲವರು ಬೇರೆ ಮಹಡಿಗಳಲ್ಲಿ. ದೂರದವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಪಾತ್ರೆ ಖಾಲಿ. ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಇದಕ್ಕೊಂದು ದಾರಿ ಹುಡುಕಿದರು. ಯಂತ್ರದ ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಅದರ ತಂತಿಯನ್ನು ಒಳಗಿದ್ದ ಆರ್ಕಿಮಿಡೀಸ್ ಕಂಪ್ಯೂಟರಿಗೆ ಜೋಡಿಸಿದರು. ಚಿತ್ರ ಹಿಡಿದು ಕಳಿಸುವ ಪ್ರೋಗ್ರಾಮನ್ನು ಜಾರ್ಡೆಟ್ಸ್‌ಕಿ ಬರೆದರೆ, ಅದನ್ನು ಸಹೋದ್ಯೋಗಿಗಳ ಪರದೆಯ ಮೂಲೆಯಲ್ಲಿ ತೋರಿಸುವುದನ್ನು ಸ್ಟಾಫರ್ಡ್-ಫ್ರೇಸರ್ ಬರೆದರು. ಅದರ ಹೆಸರು ಎಕ್ಸ್‌ಕಾಫಿ. ಚಿತ್ರ 128 ಚುಕ್ಕಿ ಅಗಲ, 128 ಚುಕ್ಕಿ ಎತ್ತರ. ಬರೀ ಬೂದು ಬಣ್ಣ. ನಿಮಿಷಕ್ಕೆ ಮೂರು ಸಲ ಬದಲಾದರೆ ಹೆಚ್ಚು. ಪಾತ್ರೆ ಮೆಲ್ಲಗೆ ತುಂಬುತ್ತದೆ, ಮೆಲ್ಲಗೆ ಬರಿದಾಗುತ್ತದೆ. ಅದಕ್ಕೆ ಅಷ್ಟು ವೇಗ ಧಾರಾಳವಾಯಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಚಿತ್ರದ ಮಿತವ್ಯಯ. ಯಾರು ಕಾಫಿ ಮಾಡಿದರು, ಎಷ್ಟು ಹೊತ್ತಿಗೆ ಮಾಡಿದರು, ಮುಂದಿನ ಸರದಿ ಯಾರದು ಎಂಬ ಯಾವ ವರದಿಯೂ ಅದರಲ್ಲಿಲ್ಲ. ಪಾತ್ರೆಯಲ್ಲಿ ಕಾಫಿ ಇದೆ, ಅಥವಾ ಇಲ್ಲ. ಪಕ್ಕದ ಕೋಣೆಯವನಿಗೆ ಮೂಗಿನಿಂದಲೇ ತಿಳಿಯುತ್ತಿದ್ದ ವಿಷಯ ಮೇಲಿನ ಮಹಡಿಯವನಿಗೂ ಅದೇ ಕ್ಷಣಕ್ಕೆ ತಿಳಿಯಿತು. ಕೂರುವ ಜಾಗದ ಮೇಲೆ ನಿಂತಿದ್ದ ತಾರತಮ್ಯವನ್ನು ಒಂದು ಸಣ್ಣ ಬೂದು ಚೌಕ ಅಳಿಸಿಹಾಕಿತು. ಒಳಸಂವಹನ ಎಂದು ನಾವು ದೊಡ್ಡ ಮಾತಿನಲ್ಲಿ ಕರೆಯುವುದರ ತಿರುಳು ಇಷ್ಟೇ ಎಂದು ನಾನು ನಂಬಿದ್ದೇನೆ.

1993ರಲ್ಲಿ ಬ್ರೌಸರುಗಳು ಚಿತ್ರ ತೋರಿಸುವುದನ್ನು ಕಲಿತವು. ಆ ನವೆಂಬರಿನಲ್ಲಿ ಡೇನಿಯಲ್ ಗಾರ್ಡನ್ ಮತ್ತು ಮಾರ್ಟಿನ್ ಜಾನ್ಸನ್ ಈ ಕ್ಯಾಮೆರಾವನ್ನು ವೆಬ್‌ಗೆ ಜೋಡಿಸಿದ ಮೇಲೆ, ಕೇಂಬ್ರಿಜ್ ಎಲ್ಲಿದೆಯೆಂದೇ ತಿಳಿಯದವರೂ ಆ ಪಾತ್ರೆಯನ್ನು ಇಣುಕಿ ನೋಡತೊಡಗಿದರು. 2001ರಲ್ಲಿ ಪ್ರಯೋಗಾಲಯ ಊರಾಚೆಯ ಹೊಸ ಕಟ್ಟಡಕ್ಕೆ ಹೊರಟಿತು. ಆಗಸ್ಟ್ 22ರಂದು ಕ್ಯಾಮೆರಾ ಆರಿಸಿದರು. ಅಲ್ಲಿ ಕೊನೆಗೆ ಬಳಕೆಯಲ್ಲಿದ್ದ ಯಂತ್ರವನ್ನು ಹರಾಜಿನಲ್ಲಿ 3,350 ಪೌಂಡ್ ಕೊಟ್ಟು ಕೊಂಡದ್ದು ಜರ್ಮನಿಯ ಷ್ಪೀಗಲ್ ಆನ್‌ಲೈನ್ ಎಂಬ ಸುದ್ದಿತಾಣ. ಕೆಟ್ಟಿದ್ದ ಯಂತ್ರವನ್ನು ಕ್ರುಪ್ಸ್‌ನವರೇ ಪುಕ್ಕಟೆಯಾಗಿ ರಿಪೇರಿ ಮಾಡಿಕೊಟ್ಟರು. ಮುಂದೆ ಅದು ಪಾಡರ್‌ಬೋರ್ನ್ ಮ್ಯೂಸಿಯಂ ಸೇರಿತು.

ಕೇಂಬ್ರಿಜ್ ಊರಿನದೇ ಆದ ಆಣ್ವಿಕ ಜೀವಶಾಸ್ತ್ರ ಪ್ರಯೋಗಾಲಯ 1962ರಲ್ಲಿ ಹೊಸ ಕಟ್ಟಡಕ್ಕೆ ಬಂದಾಗ ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ಪೆರುಟ್ಜ್ ಕ್ಯಾಂಟೀನಿಗೆ ಕೊಟ್ಟ ಮಹತ್ವವೂ ಇಲ್ಲಿ ನೆನಪಾಗುತ್ತದೆ. ಅವರ ಪತ್ನಿ ಗಿಸೆಲಾ ಅದನ್ನು ವರ್ಷಗಟ್ಟಲೆ ನಡೆಸಿದರು. ಬೆಳಗಿನ ಕಾಫಿ, ಮಧ್ಯಾಹ್ನದ ಊಟ, ಸಂಜೆಯ ಚಹಾ, ಮೂರಕ್ಕೂ ಎಲ್ಲರೂ ಒಂದೇ ಕಡೆ. ನೊಬೆಲ್ ಪಡೆದವರೂ ಹೊಸದಾಗಿ ಸೇರಿದ ವಿದ್ಯಾರ್ಥಿಯೂ ಅಲ್ಲಿ ಮಾತಿಗೆ ಕೂರುತ್ತಿದ್ದರು.

ಲಿಖಿತ ಸಂವಹನದಲ್ಲೂ ಕೇಂಬ್ರಿಜ್ ವಿಶ್ವವಿದ್ಯಾಲಯ ಹಿಂದೆ ಬಿದ್ದಿಲ್ಲ. ಅದರ ಅಧಿಕೃತ ಪತ್ರಿಕೆ ‘ರಿಪೋರ್ಟರ್’ 1870ರಿಂದ ನಡೆದುಕೊಂಡು ಬಂದಿದೆ. ಆಡಳಿತದ ಪ್ರಸ್ತಾವಗಳು ಅದರಲ್ಲಿ ಪ್ರಕಟವಾಗುತ್ತವೆ, ಅವುಗಳ ಮೇಲೆ ಚರ್ಚೆ ನಡೆಯುತ್ತದೆ, ಚರ್ಚೆಯಲ್ಲಿ ಆಡಿದ ಮಾತೂ ಅದರಲ್ಲೇ ಪ್ರಕಟವಾಗುತ್ತದೆ. ಆಡಳಿತವನ್ನು ಖಂಡಿಸಿದ ಮಾತನ್ನು ಆಡಳಿತದ ಪತ್ರಿಕೆಯೇ ಪ್ರಕಟಿಸುವುದು ದೊಡ್ಡ ಗುಣ. ಆ ಪ್ರಸ್ತಾವಗಳ ಮೇಲೆ ಮತ ಹಾಕುವ ಹಕ್ಕು ಎಲ್ಲ ಸಿಬ್ಬಂದಿಗೂ ಇಲ್ಲ ಎಂಬ ಕೊರತೆ ಮಾತ್ರ ಉಳಿದೇ ಇದೆ.

ಇನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ. ಕುಲಸಚಿವರ ಕಚೇರಿಯಿಂದ ಸುತ್ತೋಲೆ ಹೊರಡುತ್ತದೆ. ಮುದ್ದಾಂ ಆಗಿ ವಿಭಾಗಗಳಿಗೆ ತಲುಪುತ್ತದೆ, ತಪಾಲು ಪುಸ್ತಕದಲ್ಲಿ ಸಹಿ ಬೀಳುತ್ತದೆ, ಕಡತ ಸೇರುತ್ತದೆ. ಈಗ ವಾಟ್ಸ್ಆ್ಯಪ್ ಗುಂಪಿಗೂ ಅದರ ಫೋಟೋ ಬರುತ್ತದೆ. ‘ಹೇಳಿದ್ದೇವೆ’ ಎನ್ನಲು ಕಳಿಸುವವರ ಬಳಿ ಆಧಾರ ಸಿಕ್ಕಿತು. ಅತಿಥಿ ಉಪನ್ಯಾಸಕರ ಗೌರವಧನ ಯಾವಾಗ ಬರುತ್ತದೆ, ಬಡ್ತಿಯ ಕಡತ ಯಾವ ಮೇಜಿನ ಮೇಲಿದೆ ಎಂಬುದು ಮಾತ್ರ ಕೇಳಬೇಕಾದವರ ಕಿವಿಗೆ ಕ್ಯಾಂಟೀನಿನಲ್ಲೇ ಬೀಳಬೇಕು, ಅದೂ ಆಡಳಿತ ಭವನದಲ್ಲಿ ಯಾರಾದರೂ ಪರಿಚಯವಿದ್ದರೆ. ಪಾತ್ರೆಯ ಪಕ್ಕದಲ್ಲಿ ಕೂತವರಿಗಷ್ಟೇ ಕಾಫಿ.

ಸಿಬ್ಬಂದಿಯನ್ನು ಬೆಸೆಯುವ ಸಂಭ್ರಮಗಳಿಗೆ ನಮ್ಮಲ್ಲಿ ಬರವಿಲ್ಲ. ಆಯುಧಪೂಜೆಯ ದಿನ ಕಚೇರಿ ಗುಡಿಸಿ, ಕಂಪ್ಯೂಟರಿಗೂ ಬೀರುವಿಗೂ ಕುಂಕುಮವಿಟ್ಟು ಎಲ್ಲರಿಗೂ ಕಡ್ಲೆಪುರಿ ಹಂಚುವಾಗ ಪ್ರಾಧ್ಯಾಪಕರೂ ಅಟೆಂಡರೂ ಒಟ್ಟಿಗೆ ನಿಂತಿರುತ್ತಾರೆ. ತಿಂಗಳ ಕೊನೆಯ ದಿನ ವಯೋನಿವೃತ್ತಿಯಾದವರಿಗೆ ಚಂದಾ ಎತ್ತಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವಾಗ ನಾಲ್ಕು ಮಾತು ಮನಸ್ಸಿನಿಂದಲೇ ಬರುತ್ತವೆ. ಇವೆರಡಕ್ಕೂ ಯಾರ ಸುತ್ತೋಲೆಯೂ ಬೇಕಿಲ್ಲ, ಆದ್ದರಿಂದಲೇ ಇವು ಜೀವಂತವಾಗಿವೆ. ಬ್ಯಾನರು ಕಟ್ಟಿ, ಹಾಜರಾತಿ ಕಡ್ಡಾಯ ಮಾಡಿ ಮಾಡುವ ‘ಬಾಂಧವ್ಯ’ ಕಾರ್ಯಕ್ರಮಗಳಲ್ಲಿ ನನಗೆ ನಂಬಿಕೆಯಿಲ್ಲ. ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರುವ ಮುಂಚೆ ತೆಗೆದ ಇಂಥ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಆ ಫೋಟೋದಲ್ಲಿ ಅಕ್ಕಪಕ್ಕ ನಿಂತವರು ಮರುದಿನ ಒಬ್ಬರನ್ನೊಬ್ಬರು ಮಾತಾಡಿಸುತ್ತಾರೆಯೇ ಎಂದು ಯಾರೂ ವಿಚಾರಿಸುವುದಿಲ್ಲ.

ಕುಲಪತಿಗಳಲ್ಲಿ, ಕುಲಸಚಿವರಲ್ಲಿ ನನ್ನ ಕೋರಿಕೆ ಎರಡೇ. ಬೋಧಕರು, ಬೋಧಕೇತರರು ಎಂಬ ಭೇದವಿಲ್ಲದೆ ಕೂತು ಚಹಾ ಕುಡಿಯಲು ಪ್ರತಿ ಕಟ್ಟಡದಲ್ಲೂ ಒಂದು ಕೋಣೆ ಬಿಟ್ಟುಕೊಡಿ. ಸಂಬಳ, ರಜೆ, ಬಡ್ತಿ, ಪಿಂಚಣಿಯ ಯಾವ ಕಡತ ಇವತ್ತು ಎಲ್ಲಿದೆ ಎಂಬುದನ್ನು ಆ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಪ್ರತಿದಿನ ಬರೆಸಿ.