ಹಳೆಯ ಸೀಸೆ ಮತ್ತು ಸದ್ದು ಮಾಡುವ ಯಂತ್ರ

ಇಂಗ್ಲೆಂಡ್, ಅಮೆರಿಕಗಳಲ್ಲಿ ಹಳೆಯ ಸೀಸೆಗಳನ್ನು ನೆಲದಿಂದ ಅಗೆದು ತೆಗೆಯುವುದು ಹಲವರ ಹವ್ಯಾಸ. ಅವರ ಕೈಯಲ್ಲಿ ಲೋಹಶೋಧಕ ಯಂತ್ರವಿರುತ್ತದೆ. ಗಾಜು ಲೋಹವಲ್ಲವಲ್ಲ, ಯಂತ್ರವೇಕೆ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯೇ. ಯಂತ್ರದ ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹಾಯಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಅದನ್ನು ಗುರುತಿಸಿ ಯಂತ್ರ ಸದ್ದು ಮಾಡುತ್ತದೆ. ಗಾಜಿಗೆ ಅದು ಕಿವುಡು. ಹಾಗಾಗಿ ಹವ್ಯಾಸಿಗಳು ಯಂತ್ರದಿಂದ ಹುಡುಕುವುದು ಸೀಸೆಯನ್ನಲ್ಲ, ಹಳೆಯ ತಿಪ್ಪೆಯನ್ನು. ಮೊಳೆ, ತಗಡು, ಮುಚ್ಚಳಗಳು ಒಂದೆಡೆ ಬಿದ್ದಿದ್ದರೆ ಸೀಸೆಯೂ ಅಲ್ಲೇ ಇದ್ದೀತೆಂಬ ಲೆಕ್ಕ.

ನಮ್ಮ ಗೋಲಿ ಸೋಡಾ ಸೀಸೆಗಂತೂ ಮುಚ್ಚಳವೇ ಇಲ್ಲ. 1870ರ ದಶಕದಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ ಸೀಸೆ ಅದು. ಒಳಗಿನ ಅನಿಲವೇ ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಗೋಲಿಯಾಸೆಗೆ ಮಕ್ಕಳು ಒಡೆದದ್ದರಿಂದ ಇಡೀ ಉಳಿದ ಹಳೆಯ ಸೀಸೆಗಳು ಕಡಿಮೆ.

ಸೀಸೆಯ ವಯಸ್ಸನ್ನು ಅದರ ಮೈಯೇ ಹೇಳುತ್ತದೆ. ಅಚ್ಚಿನ ಗೆರೆ ಕತ್ತಿನಲ್ಲೇ ನಿಂತಿದ್ದರೆ ಬಾಯಿಯನ್ನು ಸಾಮಾನ್ಯವಾಗಿ ಕೈಯಿಂದ ತಿದ್ದಿರುತ್ತಾರೆ. ಗೆರೆ ಬಾಯಿಯಂಚಿನವರೆಗೂ ಹೋಗಿದ್ದರೆ ಅದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಯಂತ್ರದ ಕೆಲಸ. ಅಂಥ ಸೀಸೆ ಒಂದು ಮಣ್ಣಿನ ಪದರದಲ್ಲಿ ಸಿಕ್ಕರೆ ಆ ಪದರವೂ ಅದಕ್ಕಿಂತ ಹಳೆಯದಲ್ಲ ಎಂದು ತಿಳಿಯುತ್ತದೆ. ಕಿತ್ತು ಮನೆಯ ಕಪಾಟಿನಲ್ಲಿಟ್ಟರೆ ಸೀಸೆ ಉಳಿಯುತ್ತದೆ, ಅದು ಹೇಳಬೇಕಿದ್ದ ಸಾಕ್ಷಿ ಅಳಿಯುತ್ತದೆ.

ಯಂತ್ರ ಏನನ್ನು ಕೇಳಿಸಿಕೊಳ್ಳದು ಎಂಬುದಕ್ಕೆ ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟವೇ ಉದಾಹರಣೆ. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ವಜ್ಞರು ಅಲ್ಲಿ ಉತ್ಖನನ ನಡೆಸಿದಾಗ ಬೌದ್ಧ ಚೈತ್ಯ ಮತ್ತು ವಿಹಾರದ ಅವಶೇಷಗಳು ಹೊರಬಂದವು. ಜೊತೆಗೆ ಭಕ್ತರು ಹರಕೆಯಾಗಿ ಒಪ್ಪಿಸಿದ್ದ ಪುಟ್ಟ ಮಣ್ಣಿನ ಸ್ತೂಪಗಳು. ಕೆಲವುಗಳೊಳಗೆ ಬರಹ ಒತ್ತಿದ ಮಣ್ಣಿನ ಬಿಲ್ಲೆಗಳು. ಜಿಲ್ಲೆಯ ಇತಿಹಾಸಕ್ಕೆ ಹೊಸ ಅಧ್ಯಾಯ ಸೇರಿಸಿದ್ದು ಚಿನ್ನವಲ್ಲ, ಮಣ್ಣು. ನಿಧಿಗಳ್ಳರ ಗುದ್ದಲಿಗೆ ಸಿಕ್ಕಿದ್ದರೆ ಅದು ಹೆಂಟೆಯಾಗಿ ಪಕ್ಕಕ್ಕೆ ಬೀಳುತ್ತಿತ್ತು.

ನಿಧಿಯಾಸೆಗೆ ನಂದಿಯನ್ನು ಕೀಳುವುದು, ವೀರಗಲ್ಲು ಉರುಳಿಸುವುದು ನಮ್ಮ ನಾಡಿಗೆ ಹೊಸದಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ನೆಲವನ್ನು ಜೆಸಿಬಿಗಳೂ ಅಗೆಯುತ್ತಿವೆ. ನೂರು ವರ್ಷ ದಾಟಿದ ಕಲಾವಸ್ತು, ಶಾಸನ, ನಾಣ್ಯಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯ ರಕ್ಷಣೆಯಿದೆ. ಹುದುಗಿದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ರಾಜ್ಯದ 1962ರ ಕಾಯ್ದೆ ಹೇಳುತ್ತದೆ.

ಪಾಯ ತೋಡುವಾಗ, ಹೊಲ ಉಳುವಾಗ ಹಳೆಯದೇನಾದರೂ ಕಂಡರೆ ಗುದ್ದಲಿಯನ್ನು ಅಲ್ಲೇ ನಿಲ್ಲಿಸಿ. ಇದ್ದಲ್ಲೇ ಒಂದು ಚಿತ್ರ ತೆಗೆದು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ವಸ್ತುವಿನಷ್ಟೇ, ಅದು ಸಿಕ್ಕ ಜಾಗವೂ ಮುಖ್ಯ.